ತರಗತಿಯಲ್ಲಿ ಮೆಚ್ಚುಗೆಯ ಬಲ

ಪಾಠಶಾಲೆಯಲ್ಲಿ ಶಿಸ್ತು ಇರಬೇಕೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ಅದನ್ನು ಯಾವ ಉಪಾಯದಿಂದ ತರಬೇಕೆಂಬುದೇ ಪ್ರಶ್ನೆ. ಬೆತ್ತವೇ ಗುರುವಿನ ಲಕ್ಷಣವೆಂದು ಜನರು ತಿಳಿದಿದ್ದ ಕಾಲವೊಂದಿತ್ತು. ನಮ್ಮ ದೇಶದ 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತವನ್ನು ಕೆಳಗಿಟ್ಟ ಉಪಾಧ್ಯಾಯರಿಗೆ ಉಳಿದಿರುವ ಸಾಧನ ಯಾವುದೆಂಬುದನ್ನು ಈ ಭಾಷಣದಲ್ಲಿ ವಿಚಾರಮಾಡೋಣ.

ಯಾವ ನಡತೆಯ ಬೆನ್ನಲ್ಲೇ ಇಷ್ಟವಾದ ಫಲವು ದೊರೆಯುವುದೋ ಆ ನಡತೆಯು ಮತ್ತೆ ಮತ್ತೆ ತಲೆದೋರುವುದು. ಹೀಗೆ ನಡತೆಗೆ ಬಲಕೊಡುವುದನ್ನು ಮನಶ್ಶಾಸ್ತ್ರಜ್ಞರು ಪುನರ್ಬಲನವೆಂದು ಕರೆಯುತ್ತಾರೆ. ಅಮೆರಿಕದ ಬಿ. ಎಫ್. ಸ್ಕಿನ್ನರರು 1938ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ತತ್ತ್ವವನ್ನು ಪ್ರಯೋಗಗಳಿಂದ ವಿಶದಪಡಿಸಿದರು. ಫಲವೆಂದೊಡನೆ ಮಿಠಾಯಿಯೋ ಬಹುಮಾನದ ಪುಸ್ತಕವೋ ನೆನಪಿಗೆ ಬರಬಹುದು. ಆದರೆ ಎಷ್ಟೋ ಮಕ್ಕಳಿಗೆ ಗುರುವಿನ ಗಮನವೇ ದೊಡ್ಡ ಫಲ. ಅದು ನಗುಮುಖದಿಂದ ಬಂದರೂ ಗದರಿಕೆಯಾಗಿ ಬಂದರೂ ಗಮನವೇ ಸರಿ.

ಇದಕ್ಕೊಂದು ನಿದರ್ಶನವುಂಟು. ಅಮೆರಿಕದಲ್ಲಿ ವೆಸ್ಲಿ ಬೆಕರ್ ಮತ್ತು ಅವರ ಸಂಗಡಿಗರು ಒಂದನೆಯ ತರಗತಿಯೊಂದನ್ನು ಪರೀಕ್ಷಿಸಿ 1968ರಲ್ಲಿ ವರದಿಮಾಡಿದರು. ಎದ್ದು ತಿರುಗುವ ಮಕ್ಕಳಿಗೆ ಉಪಾಧ್ಯಾಯಿನಿಯರು 'ಕುಳಿತುಕೊಳ್ಳಿ' ಎಂದು ಹೆಚ್ಚು ಹೆಚ್ಚಾಗಿ ಹೇಳಿದಾಗ ಏಳುವವರ ಸಂಖ್ಯೆಯೂ ಹೆಚ್ಚಿತು. ಕುಳಿತು ಕೆಲಸಮಾಡುವವರನ್ನು ಮೆಚ್ಚಿ ನುಡಿದಾಗ ಅದು ತಗ್ಗಿತು. ಗದರಿದ ಕ್ಷಣದಲ್ಲಿ ಮಗುವು ಕುಳಿತುಕೊಳ್ಳುವುದು ನಿಜ. ಆದುದರಿಂದಲೇ ಗದರಿಕೆಯು ಫಲಿಸಿತೆಂದು ಗುರುವಿಗೆ ತೋರುವುದು. ಎದ್ದರೆ ಗುರುವು ತನ್ನತ್ತ ನೋಡುವರೆಂಬ ಪಾಠವನ್ನು ಮಗುವು ಅಷ್ಟರಲ್ಲಿ ಕಲಿತಿರುವುದು.

ಅದೇ ವರ್ಷದ ಮತ್ತೊಂದು ಪರಿಶೀಲನೆಯಲ್ಲಿ, ನಿಯಮಗಳನ್ನು ತಿಳಿಸಿದ ಮಾತ್ರಕ್ಕೆ ಹೆಚ್ಚಿನ ಪ್ರಯೋಜನವಾಗಲಿಲ್ಲ. ಸಣ್ಣ ತಂಟೆಗಳನ್ನು ಗಮನಿಸದೆ ಬಿಟ್ಟು, ಒಳ್ಳೆಯ ನಡತೆಯನ್ನು ಮೆಚ್ಚಿದಾಗಲೇ ತರಗತಿಯು ಸುಧಾರಿಸಿತು. ಆದರೆ ಒಬ್ಬರನ್ನೊಬ್ಬರು ಹೊಡೆಯುವುದು, ಪೀಡಿಸುವುದು ಮುಂತಾದುವನ್ನು ಕಂಡೂ ಕಾಣದಂತಿರಲಾಗದು. ಅವನ್ನು ಕೂಡಲೇ ತಡೆಯತಕ್ಕದ್ದು.

ಮೆಚ್ಚುಗೆಗೂ ಕ್ರಮವುಂಟು. 'ಜಾಣ' ಎಂಬ ಬರಿಯ ಹೊಗಳಿಕೆಯಿಂದ ಮಗುವಿಗೆ ತಾನು ಮಾಡಿದ್ದೇನೆಂಬುದು ತಿಳಿಯದು. 'ಪಕ್ಕದವನಿಗೆ ಲೆಕ್ಕವನ್ನು ತಾಳ್ಮೆಯಿಂದ ವಿವರಿಸಿದೆ, ಒಳ್ಳೆಯದಾಯಿತು' ಎಂದರೆ ದಾರಿ ಸ್ಪಷ್ಟವಾಗುವುದು. ಮೆಚ್ಚುಗೆಯು ಕೆಲಸದ ಬೆನ್ನಲ್ಲೇ ಬರಬೇಕು. ಹೊಸ ಅಭ್ಯಾಸಕ್ಕೆ ಪದೇ ಪದೇ ದೊರೆತು, ಅದು ನೆಲೆಗೊಂಡಂತೆ ವಿರಳವಾಗಬೇಕು. ತುಂಬ ತಂಟೆ ಮಾಡುವ ಹುಡುಗನು ಐದು ನಿಮಿಷ ನೆಮ್ಮದಿಯಾಗಿ ಕುಳಿತರೆ ಅದೂ ಮೆಚ್ಚತಕ್ಕ ಕಾರ್ಯವೇ.

ಬಹುಮಾನದಲ್ಲಿ ಒಂದು ಅಪಾಯವೂ ಇದೆ. 1973ರಲ್ಲಿ ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬವರು, ಚಿತ್ರ ಬರೆಯುವುದರಲ್ಲಿ ತಾವಾಗಿಯೇ ಆಸಕ್ತರಾಗಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಬಹುಮಾನ ಕೊಡುವೆವೆಂದು ಮೊದಲೇ ಹೇಳಿ ಬರೆಯಿಸಿದರು. ಕೆಲವು ದಿನಗಳ ತರುವಾಯ ಆ ಮಕ್ಕಳು ಇತರರಿಗಿಂತ ಕಡಮೆ ಹೊತ್ತು ಚಿತ್ರ ಬರೆದರು. ಸಹಜವಾದ ಆಸೆಯಿದ್ದಲ್ಲಿ ಕೂಲಿ ಗೊತ್ತುಮಾಡಬಾರದು.

ಪ್ರತಿ ತರಗತಿಯಲ್ಲಿಯೂ ಸದ್ದಿಲ್ಲದೆ ಕೆಲಸಮಾಡುವ, ಯಾರ ಕಣ್ಣಿಗೂ ಬೀಳದ ಮಕ್ಕಳಿರುತ್ತಾರೆ. ತುಂಟನ ಹೆಸರು ದಿನಕ್ಕೆ ಇಪ್ಪತ್ತು ಸಲ ಕೇಳಿಬರುವ ಕಡೆ ಅವರ ಹೆಸರು ಒಮ್ಮೆಯೂ ಕೇಳಿಬಾರದಿದ್ದರೆ, ಅವರು ಕಲಿಯುವುದೇನು? ಗುರುವಿನ ನೋಟವು ನೀರಿನಂತೆ; ಅದು ಹರಿದ ಕಡೆ ಬೆಳೆಯು ಏಳುವುದು. ಯಾವ ಬೆಳೆಗೆ ನೀರು ಹಾಯಿಸುತ್ತಿದ್ದೇವೆಂಬುದನ್ನು ಉಪಾಧ್ಯಾಯರು ದಿನದ ಕೊನೆಯಲ್ಲಿ ಒಮ್ಮೆ ಎಣಿಸಿ ನೋಡುವುದು ಒಳ್ಳೆಯದು.