ನಾಡದೋಣಿಯ ಯಂತ್ರಕ್ಕೆ ತಕ್ಕ ಫ್ಯಾನ್ ಆರಿಸುವುದು ಹೇಗೆ?

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಗದ್ದೆ ತೋಟಗಳ ಜೊತೆಗೆ ನಾಡದೋಣಿಯನ್ನೂ ಇಟ್ಟುಕೊಂಡಿರುವ ಕುಟುಂಬಗಳುಂಟು. ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಯಂತ್ರವನ್ನು ಕೊಳ್ಳುವಾಗ ಹತ್ತು ಕಡೆ ವಿಚಾರಿಸುವವರು, ಅದರ ಪ್ರೊಪೆಲರನ್ನು, ಅಂದರೆ ಫ್ಯಾನನ್ನು, ಸಿಕ್ಕಿದ್ದು ಸಾಕೆಂದು ಹಾಕಿಕೊಳ್ಳುವುದೇ ಹೆಚ್ಚು. ಯಂತ್ರದ ಶಕ್ತಿ ನೀರಿಗೆ ಮುಟ್ಟುವುದು ಈ ಫ್ಯಾನಿನ ಮೂಲಕವೇ. ಅದು ತಪ್ಪಿದರೆ ಎಣ್ಣೆಯೂ ನಷ್ಟ, ಯಂತ್ರವೂ ನಷ್ಟ.

ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದ ಅವಧಿಯಲ್ಲಿ 10 ಅಶ್ವಶಕ್ತಿಯವರೆಗಿನ ಯಂತ್ರವುಳ್ಳ ನಾಡದೋಣಿಗಳಿಗೆ ಮಾತ್ರ ಅವಕಾಶವಿದೆ. ಆಗ ದೊಡ್ಡ ಯಂತ್ರ ಹಾಕುವಂತಿಲ್ಲ. ಗಂಗೊಳ್ಳಿಯಂತಹ ಅಳಿವೆಯನ್ನು ದಾಟುವಾಗ ಎದುರಿನಿಂದ ಬರುವ ಅಲೆಗೆ ದೋಣಿ ಹಿಮ್ಮೆಟ್ಟದಿರಬೇಕಾದರೆ ಇರುವ ಶಕ್ತಿಯನ್ನೇ ಪೂರ್ತಿ ಪಡೆಯಬೇಕು.

ಎರಡು ಅಂಕಿಗಳ ಅರ್ಥ

ಫ್ಯಾನಿನ ಮೇಲೆ 9×8 ಎಂಬಂತೆ ಎರಡು ಅಂಕಿಗಳಿರುತ್ತವೆ. ಸಾಮಾನ್ಯವಾಗಿ ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಅಂಗುಲಗಳಲ್ಲಿ. ಮರಕ್ಕೆ ತಿರುಪುಮೊಳೆ ಹಾಕುವಾಗ ಒಂದು ಸುತ್ತಿಗೆ ಅದು ಇಷ್ಟು ದೂರ ಒಳಗೆ ಹೋಗುತ್ತದೆಯಲ್ಲವೇ? ಹಾಗೆಯೇ ಫ್ಯಾನು ಒಂದು ಸುತ್ತು ತಿರುಗಿದಾಗ ಲೆಕ್ಕದ ಪ್ರಕಾರ ಮುಂದೆ ಹೋಗಬೇಕಾದ ದೂರವೇ ಪಿಚ್.

ಆದರೆ ನೀರು ಮರದಂತೆ ಗಟ್ಟಿಯಲ್ಲ. ಯಂತ್ರ ನಿಮಿಷಕ್ಕೆ 5000 ಸುತ್ತು ತಿರುಗಿ, ಗೇರಿನಿಂದ ಅದು ಅರ್ಧಕ್ಕಿಳಿದರೆ ಫ್ಯಾನಿಗೆ 2500 ಸುತ್ತು. 8 ಅಂಗುಲದ ಪಿಚ್‌ಗೆ ಗಂಟೆಗೆ ಸುಮಾರು 30 ಕಿಲೋಮೀಟರ್ ಬರಬೇಕು. ಬಲೆ, ಮೀನು, ಜನರನ್ನು ಹೊತ್ತ ದೋಣಿ ಅದರ ಅರ್ಧದಷ್ಟೇ ಓಡಬಹುದು. ಉಳಿದದ್ದು ನೀರಿನಲ್ಲಿ ಜಾರಿಹೋಗುತ್ತದೆ. ಆದ್ದರಿಂದ ಹೆಚ್ಚು ಪಿಚ್ ಹಾಕಿದ ಮಾತ್ರಕ್ಕೆ ಹೆಚ್ಚು ವೇಗ ಬಾರದು.

ಪಿಚ್ ಹೆಚ್ಚಾದರೆ, ಕಡಿಮೆಯಾದರೆ

ಟ್ರ್ಯಾಕ್ಟರನ್ನು ಮೇಲಿನ ಗೇರಿನಲ್ಲಿಟ್ಟು ಆಳವಾಗಿ ಉಳಲು ಹೋದರೆ ಇಂಜಿನ್ ಮುಕ್ಕುತ್ತದೆ. ಪಿಚ್ ಹೆಚ್ಚಾದಾಗಲೂ ಹಾಗೆಯೇ. ಯಂತ್ರ ತಕ್ಕಷ್ಟು ಸುತ್ತು ತಿರುಗದೆ ಹೊಗೆ ಕಾರುತ್ತದೆ, ಕಾಯುತ್ತದೆ, ಒಳಗೆ ಮಸಿ ಕಟ್ಟುತ್ತದೆ. ಸೀಮೆಎಣ್ಣೆಯ ಯಂತ್ರಗಳಲ್ಲಿ ಮಸಿಯ ತೊಂದರೆ ಮೊದಲೇ ಹೆಚ್ಚು. ಪಿಚ್ ತೀರ ಕಡಿಮೆಯಾದರೆ ಯಂತ್ರ ಮಿತಿ ಮೀರಿ ತಿರುಗಿ ಬೇಗ ಸವೆಯುತ್ತದೆ.

ಪರೀಕ್ಷಿಸುವ ಕ್ರಮ

1. ಯಂತ್ರದ ಕೈಪಿಡಿಯಲ್ಲಿ ಪೂರ್ಣ ಓಟದ ಸುತ್ತುಗಳ ಮಿತಿಯನ್ನು ನೋಡಿಕೊಳ್ಳಿ.

2. ಖಾಲಿ ದೋಣಿಯಲ್ಲಿ ಪರೀಕ್ಷಿಸಬೇಡಿ. ನಿತ್ಯ ಒಯ್ಯುವಷ್ಟು ಬಲೆ, ಜನ ಮತ್ತು ಭಾರವಿರಲಿ. ಸೀಮೆಎಣ್ಣೆಯಲ್ಲಿ ಓಡಿಸುವವರು ಸೀಮೆಎಣ್ಣೆಯಲ್ಲೇ ನೋಡಬೇಕು.

3. ಅಳಿವೆಯ ಒಳಗೆ, ಅಲೆಯಿಲ್ಲದ ನೀರಿನಲ್ಲಿ ಸ್ವಲ್ಪ ಹೊತ್ತು ಪೂರ್ಣ ವೇಗದಲ್ಲಿ ಓಡಿಸಿ. ಮೆಕ್ಯಾನಿಕ್ ಒಬ್ಬರಿಂದ ಟ್ಯಾಕೋಮೀಟರಿನಲ್ಲಿ ಸುತ್ತುಗಳನ್ನು ಅಳೆಯಿಸಿ.

4. ಪಿಚ್ ಒಂದು ಅಂಗುಲ ಕಡಿಮೆ ಮಾಡಿದರೆ ನಿಮಿಷಕ್ಕೆ ಸುಮಾರು 150ರಿಂದ 200 ಸುತ್ತು ಏರುತ್ತದೆ. ಹೆಚ್ಚು ಮಾಡಿದರೆ ಅಷ್ಟೇ ಇಳಿಯುತ್ತದೆ. ಉದಾಹರಣೆಗೆ, ಮಿತಿ 5000ರಿಂದ 6000 ಇದ್ದು ನಿಮ್ಮ ಯಂತ್ರ 4800 ಮಾತ್ರ ತಿರುಗಿದರೆ, 2 ಅಂಗುಲ ಕಡಿಮೆ ಪಿಚ್ಚಿನ ಫ್ಯಾನ್ ಅದನ್ನು 5100 ಅಥವಾ 5200ಕ್ಕೆ ತರುತ್ತದೆ.

ಫ್ಯಾನನ್ನು ದೂರುವ ಮೊದಲು ಯಂತ್ರ ಕಟ್ಟಿರುವ ಎತ್ತರವನ್ನೂ ನೋಡಿ. ಫ್ಯಾನಿನ ಮೇಲ್ಗಡೆಯ ಅಗಲ ತಗಡು ಹೆಚ್ಚು ಕಡಿಮೆ ದೋಣಿಯ ತಳದ ಮಟ್ಟದಲ್ಲಿರಬೇಕು. ಯಂತ್ರ ಮೇಲಾದರೆ ಫ್ಯಾನು ಗಾಳಿ ಎಳೆದುಕೊಂಡು ಸುಮ್ಮನೆ ತಿರುಗುತ್ತದೆ.

ಯಾವ ಬಗೆಯದು?

ಭಾರ ಹೊತ್ತು ನಿಧಾನವಾಗಿ ಸಾಗುವ ದೋಣಿಗೆ, ಯಂತ್ರಕ್ಕೆ ಹಿಡಿಸುವಷ್ಟು ದೊಡ್ಡ ವ್ಯಾಸ, ಅಗಲವಾದ ರೆಕ್ಕೆ ಮತ್ತು ಕಡಿಮೆ ಪಿಚ್ ಒಳ್ಳೆಯದು. ಸಾಮಾನ್ಯ ಬಳಕೆಗೆ ಮೂರು ರೆಕ್ಕೆಯದು ಸಾಕು. ಅಲ್ಯೂಮಿನಿಯಂ ಫ್ಯಾನ್ ಕಡಿಮೆ ಬೆಲೆಯದು. ಬಂಡೆಗೆ ತಾಗಿದರೆ ರೆಕ್ಕೆ ಬಾಗುತ್ತದೆ, ಆದರೆ ಗೇರಿಗೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹೆಚ್ಚು ಬಾಳುತ್ತದೆ, ಬೆಲೆಯೂ ಹೆಚ್ಚು. ಮರಳು ದಿಬ್ಬ, ಕಲ್ಲುಗಳಿರುವ ಅಳಿವೆಯಲ್ಲಿ ಓಡಾಡುವವರಿಗೆ ಅಲ್ಯೂಮಿನಿಯಮ್ಮೇ ಅನುಕೂಲ.

ಆರೈಕೆ

ಯಂತ್ರವನ್ನು ಪೂರ್ತಿ ನಿಲ್ಲಿಸದೆ ಫ್ಯಾನಿಗೆ ಕೈ ಹಾಕಲೇಬಾರದು. ಆಗಾಗ ಫ್ಯಾನ್ ಬಿಚ್ಚಿ, ಶಾಫ್ಟಿಗೆ ಸುತ್ತಿಕೊಂಡ ನೈಲಾನ್ ಬಲೆಯ ನೂಲನ್ನು ತೆಗೆಯಿರಿ. ಆ ನೂಲು ಆಯಿಲ್ ಸೀಲನ್ನು ಕತ್ತರಿಸಿದರೆ ಗೇರಿನೊಳಗೆ ನೀರು ಸೇರುತ್ತದೆ. ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಇದೇ ಗುರುತು. ಕೂಡಲೇ ರಿಪೇರಿ ಮಾಡಿಸಿ. ಬಾಗಿದ ರೆಕ್ಕೆ ಯಂತ್ರವನ್ನು ಅದುರಿಸಿ ಬೇರಿಂಗ್ ಕೆಡಿಸುತ್ತದೆ. ಹಳೆಯ ಫ್ಯಾನ್ ಸುಸ್ಥಿತಿಯಲ್ಲಿದ್ದರೆ ಮಾರಬೇಡಿ. ಅದನ್ನೂ ಫ್ಯಾನ್ ಬಿಚ್ಚುವ ಸ್ಪ್ಯಾನರನ್ನೂ ದೋಣಿಯಲ್ಲೇ ಇಟ್ಟಿರಿ. ನಡುನೀರಿನಲ್ಲಿ ಫ್ಯಾನ್ ಮುರಿದ ದಿನ ದಡ ಸೇರಿಸುವುದು ಅದೇ.