ಪಾಠವನ್ನು ಪೆಟ್ಟಿಗೆಯಲ್ಲಿ ತುಂಬುವ ಮೊದಲು

ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ, ನಡುವೆ ರಾಷ್ಟ್ರೀಯ ಹೆದ್ದಾರಿ 66: ಮರವಂತೆಯ ಈ ನೋಟವನ್ನು ಪರಸ್ಥಳದವರು ವಾಹನ ನಿಲ್ಲಿಸಿ ನೋಡಿ ಹೋಗುತ್ತಾರೆ. ಅದೇ ದಾರಿಯಲ್ಲಿ ಪ್ರತಿನಿತ್ಯವೂ ಬಸ್ಸಿನಲ್ಲಿ ನಿಂತುಕೊಂಡು, ಬಡಗಲಿಗೆ ಬೈಂದೂರಿಗೋ ತೆಂಕಲಿಗೆ ಕುಂದಾಪುರಕ್ಕೋ ವಿದ್ಯಾರ್ಜನೆಗಾಗಿ ಹೋಗುವ ನಮ್ಮ ತರುಣ ತರುಣಿಯರಿಗೆ ಮಾತ್ರ ಆ ನೋಟವನ್ನು ಸವಿಯುವ ವ್ಯವಧಾನವಿಲ್ಲ. ಆಷಾಢದ ಮಳೆ ಹಿಡಿಯಿತೆಂದರೆ ಜಿಲ್ಲಾಧಿಕಾರಿಗಳು ರಜೆ ಸಾರಬೇಕಾಗುತ್ತದೆ. ರಜೆಯಿಲ್ಲದ ದಿನವೂ ನೆರೆ ಬಂದ ಊರಿನ ಹುಡುಗ ತರಗತಿಗೆ ಮುಟ್ಟಲಾರನು. ತಾಯಿಗೆ ಕಾಯಿಲೆಯಾದರೆ ಮನೆಯಲ್ಲಿ ಉಳಿಯತಕ್ಕವಳು ಹುಡುಗಿಯೇ. ಹೀಗೆ ತಪ್ಪಿದ ಪಾಠವು ಎಲ್ಲಿಗೆ ಹೋಯಿತು? ಗಾಳಿಗೆ ಹೋಯಿತು. ಅದನ್ನು ಹಿಡಿದಿಡುವ ಉಪಾಯವುಂಟೇ ಎಂಬುದೇ ಈ ದಿನದ ನಮ್ಮ ವಿಷಯ.

ಉಪಾಯವೇನೋ ಉಂಟು. ತರಗತಿಯಲ್ಲಿ ಒಂದು ಕ್ಯಾಮೆರಾ, ಅಧ್ಯಾಪಕರ ಅಂಗಿಗೆ ಒಂದು ಮೈಕು, ಹಲಗೆಯ ಮೇಲಣ ಬರಹವನ್ನೂ ಮಾತನ್ನೂ ಒಟ್ಟಿಗೆ ಸಂಗ್ರಹಿಸುವ ಒಂದು ಗಣಕ, ವಿದ್ಯಾರ್ಥಿಗಳು ಬೇಕಾದಾಗ ತೆರೆದು ನೋಡಲು ಒಂದು ಜಾಲತಾಣ: ಇಷ್ಟೇ ಅದರ ಅಂಗಗಳು. ನಮ್ಮ ಕಾಲೇಜುಗಳ ಆಡಳಿತ ಮಂಡಳಿಗಳವರು ಇಂತಹ ಏರ್ಪಾಡನ್ನು ಕೈಗೊಳ್ಳಲೆಣಿಸಿದರೆ ಅದು ಸ್ತುತ್ಯವಾದುದೇ. ಆದರೆ ಯಂತ್ರವನ್ನು ಕೊಳ್ಳುವುದಕ್ಕಿಂತ ಮೊದಲು ಕುಳಿತು ಯೋಚಿಸಬೇಕಾದ ಸಂಗತಿಗಳು ಹಲವಿವೆ. ಅವನ್ನು ಮರೆತವರ ಯಂತ್ರ ತುಕ್ಕು ಹಿಡಿಯುವುದು ನಿಶ್ಚಯ.

ಹಿಂದಣ ಅನುಭವವನ್ನೇ ನೋಡೋಣ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದರ ಸಹಾಯದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಮೂಲಕ ಪಾಠ ಪ್ರಸಂಗಗಳನ್ನು ಮುಟ್ಟಿಸಲಾಯಿತು. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಸೀಮೆಯ ಹಳ್ಳಿಗಳೂ ಅದರಲ್ಲಿ ಸೇರಿದ್ದುವು. ವರ್ಷ ತುಂಬುತ್ತಲೇ ಉಪಗ್ರಹ ಬೇರೆಡೆಗೆ ಸರಿಯಿತು. 2004ರ ಸೆಪ್ಟೆಂಬರ್ 20ರಂದು ನಮ್ಮದೇ ದೇಶವು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಎಂಬ ಉಪಗ್ರಹವನ್ನು ಶ್ರೀಹರಿಕೋಟೆಯಿಂದ ಹಾರಿಸಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳೂ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಅದರ ಮೊದಲ ಪ್ರಯೋಜನವನ್ನು ಪಡೆದುವು. 2010ರಲ್ಲಿ ಆ ಉಪಗ್ರಹದ ಸೇವೆ ಮುಗಿಯಿತು. ಆದರೆ 2003ರಲ್ಲಿ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಆರಂಭಿಸಿದ ಎನ್‌ಪಿಟಿಇಎಲ್ ಎಂಬ ಪಾಠಸಂಗ್ರಹವು ಇಂದಿಗೂ ಬೆಳೆಯುತ್ತಲಿದೆ. ಕನ್ನಡವೂ ಸೇರಿ ದೇಶಭಾಷೆಗಳಿಗೆ ಅದರ ಪಾಠಗಳು ಅನುವಾದಗೊಳ್ಳುತ್ತಲಿವೆ. ಈ ಭೇದಕ್ಕೆ ಕಾರಣವೇನು? ಒಂದರಲ್ಲಿ ಯಂತ್ರವೇ ಆಧಾರ. ಇನ್ನೊಂದರಲ್ಲಿ ಪಾಠವನ್ನು ಸಿದ್ಧಪಡಿಸಿ, ತಿದ್ದಿ, ಕಾಪಾಡುವ ಜನರು ಆಧಾರ. ಯಂತ್ರ ಹೋದರೂ ಜನವಿದ್ದರೆ ಕೆಲಸ ನಿಲ್ಲದು.

ಆದುದರಿಂದ ನಮ್ಮ ಮೊದಲನೆಯ ಸೂಚನೆ: ಕ್ಯಾಮೆರಾದ ಬೆಲೆಯನ್ನು ವಿಚಾರಿಸುವ ಮೊದಲು ಅದನ್ನು ನೋಡಿಕೊಳ್ಳುವವರಾರೆಂದು ನಿರ್ಣಯಿಸಿರಿ. ಬೆಳಿಗ್ಗೆ ಯಂತ್ರವನ್ನು ತೆರೆಯಲು, ಸಂಜೆ ಪಾಠಕ್ಕೆ ಹೆಸರು, ತಾರೀಕು, ವಿಷಯಗಳನ್ನು ಬರೆದು ಸರಿಯಾದ ಜಾಗದಲ್ಲಿಡಲು, ಸಂಬಳ ಪಡೆಯುವ ಒಬ್ಬ ಮನುಷ್ಯನು ಅವಶ್ಯ ಬೇಕು. ಹೆಸರಿಲ್ಲದೆ ರಾಶಿ ಬಿದ್ದ ಪಾಠವು ಸೂಚಿಯಿಲ್ಲದ ಪುಸ್ತಕ ಭಂಡಾರದಂತೆ, ಇದ್ದೂ ಇಲ್ಲದ್ದು.

ಎರಡನೆಯದು, ಕಣ್ಣಿಗಿಂತ ಕಿವಿಗೆ ಹೆಚ್ಚು ಗಮನ ಕೊಡಿರಿ. ಚಿತ್ರ ಮಸುಕಾದರೆ ವಿದ್ಯಾರ್ಥಿ ಸಹಿಸಿಕೊಳ್ಳುವನು. ಮಾತು ಕೇಳಿಸದಿದ್ದರೆ ಐದು ನಿಮಿಷದಲ್ಲಿ ಮುಚ್ಚುವನು. ಹಂಚಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ, ಗೋಡೆಯ ಮೂಲೆಯಲ್ಲಿರಿಸಿದ ಮೈಕು ಹಿಡಿಯುವುದು ಮಳೆಯನ್ನೇ ಹೊರತು ಪಾಠವನ್ನಲ್ಲ. ಇಲ್ಲಿ ಸ್ವಲ್ಪ ಲೆಕ್ಕವನ್ನೂ ಹೇಳುವೆವು. ಒಂದು ಗಂಟೆಯ ಪಾಠವನ್ನು ಸೆಕೆಂಡಿಗೆ 1 ಮೆಗಾಬಿಟ್ ಪ್ರಮಾಣದಲ್ಲಿ ಚಿತ್ರಿಸಿದರೆ ಸುಮಾರು 450 ಎಂಬಿ ಆಗುವುದು. ದಿನಕ್ಕೆ 5 ಪಾಠ, ಅರ್ಧವರ್ಷಕ್ಕೆ 90 ದಿನವೆಂದರೆ ಒಂದೇ ಕೊಠಡಿಗೆ 200 ಜಿಬಿಗೆ ಮಿಕ್ಕಿತು. ಅದೇ ಪಾಠದ ಧ್ವನಿಯನ್ನು ಮಾತ್ರ ಸೆಕೆಂಡಿಗೆ 64 ಕಿಲೋಬಿಟ್ ಪ್ರಮಾಣದಲ್ಲಿ ಇಟ್ಟರೆ ಗಂಟೆಗೆ 29 ಎಂಬಿ ಸಾಕು. ಮೊಬೈಲಿನ ದಿನದ ಡೇಟಾವನ್ನು ಅಣ್ಣ ತಮ್ಮಂದಿರೊಡನೆ ಹಂಚಿಕೊಳ್ಳುವ ಮನೆಯ ಹುಡುಗಿಗೆ ಈ 29ಕ್ಕೂ 450ಕ್ಕೂ ಇರುವ ಅಂತರವೇ ಪಾಠ ಸಿಕ್ಕುವುದಕ್ಕೂ ಸಿಕ್ಕದಿರುವುದಕ್ಕೂ ಇರುವ ಅಂತರ. ಪ್ರತಿ ಪಾಠಕ್ಕೂ ಧ್ವನಿಯ ಪ್ರತಿಯೊಂದನ್ನು ಬೇರೆಯಾಗಿ ಇಡತಕ್ಕದ್ದು. ಕಾಲೇಜಿನ ಗ್ರಂಥಾಲಯದಲ್ಲಿ ಇಂಟರ್ನೆಟ್ಟಿಲ್ಲದೆಯೂ ಪಾಠವನ್ನು ಮೊಬೈಲಿಗೆ ತುಂಬಿಸಿಕೊಳ್ಳುವ ಅನುಕೂಲವಿರತಕ್ಕದ್ದು.

ಮೂರನೆಯದು ಎಲ್ಲಕ್ಕಿಂತ ಗಹನವಾದುದು: ಅಧ್ಯಾಪಕರ ಸಮ್ಮತಿ. ಪಾಠವು ಯಾರ ಸ್ವತ್ತು? ನಮ್ಮ ದೇಶದ 1957ರ ಕೃತಿಸ್ವಾಮ್ಯ ಶಾಸನವು, ಅದಕ್ಕೆ ಮುಂದೆ ಬಂದ ತಿದ್ದುಪಡಿಗಳ ಪ್ರಕಾರ, ನಟ, ಗಾಯಕ, ಜಾದೂಗಾರ, ಹಾವಾಡಿಗರ ಸಾಲಿನಲ್ಲಿಯೇ ಉಪನ್ಯಾಸ ಮಾಡುವವನನ್ನೂ ಪ್ರದರ್ಶಕನೆಂದು ಎಣಿಸಿ, ಅವನ ಹಕ್ಕಿಗೆ 50 ವರ್ಷಗಳ ಅವಧಿಯನ್ನು ಕೊಟ್ಟಿದೆ. ಸಂಬಳಕ್ಕಿರುವವನು ಕೆಲಸದ ಅಂಗವಾಗಿ ಬರೆದುದು, ಬೇರೆ ಒಪ್ಪಂದವಿಲ್ಲದಿದ್ದರೆ, ಯಜಮಾನನದೆಂದೂ ಅದೇ ಶಾಸನ ಹೇಳುತ್ತದೆ. ಇವೆರಡರ ನಡುವೆ ವ್ಯಾಜ್ಯಕ್ಕೆ ಎಡೆಯಿರುವುದರಿಂದ, ಸ್ಪಷ್ಟವಾದ ಒಪ್ಪಂದವನ್ನು ಮೊದಲೇ ಬರೆದುಕೊಳ್ಳುವುದು ಲೇಸು: ಪಾಠವನ್ನು ಯಾರು ನೋಡಬಹುದು, ಎಷ್ಟು ಕಾಲ ಇಡಬಹುದು, ಅಧ್ಯಾಪಕರು ಕೆಲಸ ಬಿಟ್ಟ ಮೇಲೆ ಅದರ ಗತಿಯೇನು, ತಪ್ಪಾಡಿದ ಮಾತನ್ನು ಅವರೇ ತೆಗೆಸಬಹುದೇ, ಇತ್ಯಾದಿ.

ನಮ್ಮ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಈ ಪ್ರಶ್ನೆಗೆ ಇನ್ನೂ ಒಂದು ಮುಳ್ಳುಂಟು. ಅಲ್ಲಿ ಪಾಠದ ಭಾರದ ಬಹುಪಾಲನ್ನು ಹೊತ್ತವರು ಅತಿಥಿ ಉಪನ್ಯಾಸಕರು. ಸೇವಾಭದ್ರತೆಯನ್ನು ಬೇಡಿ ಅವರು 2023ರ ಕೊನೆಯಲ್ಲಿ ತರಗತಿಗಳನ್ನು ಬಹಿಷ್ಕರಿಸಿದುದು ವಾಚಕರ ನೆನಪಿನಲ್ಲಿರಬಹುದು. ಮುಂದಿನ ವರ್ಷ ತನ್ನ ಕೆಲಸವುಂಟೋ ಇಲ್ಲವೋ ಎಂದರಿಯದವನ ಮುಂದೆ ಕ್ಯಾಮೆರಾ ಇಟ್ಟರೆ ಅವನ ಮನಸ್ಸಿನಲ್ಲಿ ಏಳುವ ಭಯ ಯಾವುದು? ಈ ವರ್ಷದ ತನ್ನ ಮಾತೇ ಮುಂದಿನ ವರ್ಷ ತನ್ನ ಅನ್ನವನ್ನು ಕಸಿದೀತು ಎಂಬುದಲ್ಲವೇ? ಈ ಭಯವನ್ನು ನಗೆಯಾಡಿ ತಳ್ಳಬಾರದು. ಸಂಗ್ರಹಿಸಿದ ಪಾಠವನ್ನು ಅಧ್ಯಾಪಕನ ಬದಲಿಗೆ ಎಂದಿಗೂ ಬಳಸಲಾಗದೆಂದು ಆಡಳಿತದವರು ಲಿಖಿತ ವಚನವನ್ನು ಕೊಡಬೇಕು. ಆ ವಚನವಿಲ್ಲದಲ್ಲಿ ಅಧ್ಯಾಪಕರು ಒಲ್ಲೆವೆಂದರೆ ನಾವು ಅವರ ಪಕ್ಷವನ್ನೇ ವಹಿಸುವೆವು. ಕ್ಯಾಮೆರಾದ ಮುಖ ಅಧ್ಯಾಪಕರ ಮತ್ತು ಹಲಗೆಯ ಕಡೆಗಿರಲಿ. ವಿದ್ಯಾರ್ಥಿಗಳ ಕಡೆಗೆ ತಿರುಗದಿರಲಿ. ಪ್ರಶ್ನೆ ಕೇಳುವ ಹುಡುಗಿಯ ನಾಚಿಕೆಯನ್ನು ಇಮ್ಮಡಿಸುವ ಯಂತ್ರವು ವಿದ್ಯೆಗೆ ಹಗೆ.

ಕೊನೆಯದಾಗಿ, ಎಲ್ಲ ಕೊಠಡಿಗಳಿಗೂ ಒಮ್ಮೆಗೇ ಕೈಹಾಕಬೇಡಿರಿ. ಜೂನಿನಲ್ಲಿ ಒಂದು ಕೊಠಡಿ, ತಾವಾಗಿ ಮುಂದೆ ಬಂದ ಇಬ್ಬರು ಮೂವರು ಅಧ್ಯಾಪಕರು, ಮೊದಲನೆಯ ವರ್ಷದ ಒಂದು ತರಗತಿ. ಏತಕ್ಕೆ ಮೊದಲನೆಯ ವರ್ಷವೆಂದರೆ, ಹತ್ತು ವರ್ಷ ಕನ್ನಡದಲ್ಲಿ ಓದಿ ಇದ್ದಕ್ಕಿದ್ದಂತೆ ಇಂಗ್ಲಿಷಿನ ಪಾಠಕ್ಕೆ ಬಿದ್ದ ಮಕ್ಕಳು ತತ್ತರಿಸುವುದು ಅಲ್ಲಿಯೇ. ಅವರಿಗೆ ಬೇಕಾದುದು ತಪ್ಪಿದ ಪಾಠ ಮಾತ್ರವಲ್ಲ. ಕೇಳಿಯೂ ತಿಳಿಯದ ಪಾಠವನ್ನು ಎರಡನೆಯ ಸಲ, ಮೂರನೆಯ ಸಲ, ಯಾರ ಹಂಗೂ ಇಲ್ಲದೆ ಕೇಳುವ ಅವಕಾಶ. ಒಂದು ಮಳೆಗಾಲವನ್ನು ಹೀಗೆ ಕಳೆದು, ವಿದ್ಯುತ್ತು ಎಷ್ಟು ಸಲ ಕೈಕೊಟ್ಟಿತು, ಯಾವ ಪಾಠವನ್ನು ಎಷ್ಟು ಮಂದಿ ತೆರೆದರು, ಎಲ್ಲಿ ನಿಲ್ಲಿಸಿ ಹಿಂದಕ್ಕೆ ಹೋದರು ಎಂಬುದನ್ನೆಲ್ಲ ಬರೆದಿಟ್ಟು, ಆಮೇಲೆ ಎರಡನೆಯ ಕೊಠಡಿಯ ಮಾತನ್ನೆತ್ತಿರಿ.

ಶಿಷ್ಯನು ವಿದ್ಯೆಯ ಕಾಲುಭಾಗವನ್ನು ಗುರುವಿನಿಂದಲೂ, ಕಾಲುಭಾಗವನ್ನು ಸ್ವಂತ ಬುದ್ಧಿಯಿಂದಲೂ, ಕಾಲುಭಾಗವನ್ನು ಸಹಪಾಠಿಗಳಿಂದಲೂ, ಉಳಿದುದನ್ನು ಕಾಲಕ್ರಮದಿಂದಲೂ ಪಡೆಯುವನೆಂದು ನಮ್ಮ ಪಾಠಶಾಲೆಗಳಲ್ಲಿ ಹೇಳುತ್ತಿದ್ದರು. ಯಂತ್ರವು ಕಾಪಾಡಬಲ್ಲುದು ಮೊದಲಿನ ಕಾಲುಭಾಗವನ್ನು ಮಾತ್ರ. ಆದರೆ ಮಳೆಗೆ ಸಿಕ್ಕಿ ಮರವಂತೆಯಲ್ಲಿಯೇ ಉಳಿದ ಹುಡುಗಿಗೆ ಆ ಕಾಲುಭಾಗವೂ ಇಂದು ದಕ್ಕುತ್ತಿಲ್ಲ. ಅದನ್ನು ಅವಳಿಗೆ ಮುಟ್ಟಿಸುವುದಾದರೆ, ಗುರುವಿನ ಮರ್ಯಾದೆಗೆ ಕುಂದು ಬಾರದಂತೆ ಮುಟ್ಟಿಸಿರೆಂಬುದೇ ಆಡಳಿತ ಮಂಡಳಿಗಳವರಲ್ಲಿ ನಮ್ಮ ವಿಜ್ಞಾಪನೆ.