ಮನೆಯಿಂದ ಕರಾರು: ಒಂದು ‘ಓಕೆ’ಯ ಬೆಲೆ

ಪುಣೆ ಬಳಿಯ ನಿಗಡಿಯ ಫ್ಲ್ಯಾಟಿನಲ್ಲಿ ಕೂತು ಭೋಸರಿಯ ಕಾರ್ಖಾನೆಗೆ ಕರಾರು ತಿದ್ದುವ ಲೀಗಲ್ ತಂಡಕ್ಕೆ ವೇಗಕ್ಕಿಂತ ಮೊದಲು ಇಮೇಲಿನ ಶಿಸ್ತು ಬೇಕು. ಟ್ರೈಮೆಕ್ಸ್–ವೇದಾಂತ ಪ್ರಕರಣ ನೋಡಿ. ಐದು ಹಡಗು ಬಾಕ್ಸೈಟ್‌ನ ಮಾತು ಇಮೇಲಿನಲ್ಲೇ ಮುಗಿದಿತ್ತು, ಕರಾರುಪತ್ರಕ್ಕೆ ಸಹಿ ಬಿದ್ದಿರಲಿಲ್ಲ. ಆದರೂ ಕರಾರು ಆಗಿಹೋಗಿದೆ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಅಂದಮೇಲೆ ರಾತ್ರಿ ಹತ್ತಕ್ಕೆ ಸೋಫಾದಿಂದ ಕಳಿಸಿದ ‘ಓಕೆ, ಕನ್ಫರ್ಮ್ಡ್’ ಕೂಡ ಕಂಪನಿಯನ್ನು ಕಟ್ಟಿಹಾಕಬಹುದು. ಕರಡು ಒಂದೇ ಫೋಲ್ಡರಿನಲ್ಲಿರಲಿ, ಒಪ್ಪಿಗೆ ಕೊಡುವವರು ಒಬ್ಬರೇ ಇರಲಿ, ಪ್ರತಿ ಇಮೇಲಿನಲ್ಲೂ ‘ಸಹಿಯಾಗುವವರೆಗೆ ಬದ್ಧತೆ ಇಲ್ಲ’ ಎಂಬ ಸಾಲಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಷರತ್ತು ಚೌಕಾಸಿ ಮಾಡುವ ಚಾಳಿ ಬಿಟ್ಟರೇ ಅರ್ಧ ತಲೆನೋವು ಹೋದಂತೆ.

‘ಸಹಿ, ಸ್ಟ್ಯಾಂಪಿಗೆ ಆಫೀಸಿಗೇ ಹೋಗಬೇಕಲ್ಲ?’ ಎನ್ನುತ್ತೀರಿ. ಐಟಿ ಕಾಯ್ದೆಯ 10ಎ ಕಲಂ ಎಲೆಕ್ಟ್ರಾನಿಕ್ ಕರಾರನ್ನು ಮಾನ್ಯ ಮಾಡುತ್ತದೆ. ಮಹಾರಾಷ್ಟ್ರದ ಮುದ್ರಾಂಕ ಶುಲ್ಕವನ್ನು ಸರ್ಕಾರದ ಗ್ರಾಸ್ ಪೋರ್ಟಲ್‌ನಲ್ಲಿ ಕಟ್ಟಬಹುದು. ಆದರೆ ಸಹಿಗೆ ಮೊದಲು ಇಲ್ಲವೇ ಸಹಿಯ ದಿನವೇ, ತಪ್ಪಿದರೆ ಅದರ ಮುಂದಿನ ಕೆಲಸದ ದಿನ ಕಟ್ಟಲೇಬೇಕು. ಇಲ್ಲವಾದರೆ ಬಾಕಿ, ದಂಡ ಎರಡೂ ತೆರುವವರೆಗೆ ಆ ಪತ್ರ ಕೋರ್ಟಿನಲ್ಲಿ ಸಾಕ್ಷ್ಯವಾಗದು. ಉಯಿಲಿಗೆ ಇ-ಸಹಿ ನಡೆಯುವುದಿಲ್ಲ, ನಿಜ. ಕಂಪನಿಯ ಲೀಗಲ್ ವಿಭಾಗಕ್ಕೆ ಉಯಿಲು ಬರುವುದು ಅಪರೂಪವೇ ಬಿಡಿ.